ಒಂದೇ ಕಿಣ್ವ, ಬೇರೆ ಬೇರೆ ಹಿಡಿತ: ಮರೆವಿನ ಮಾತ್ರೆಗೂ ಕೀಟನಾಶಕಕ್ಕೂ ಇರುವ ನಂಟು

ಪ್ರಶ್ನೆ: ನನ್ನ ತಂದೆಯವರಿಗೆ 74 ವರ್ಷ. ಅಲ್ಜೈಮರ್ಸ್ ಕಾಯಿಲೆಯ ಆರಂಭದ ಹಂತವೆಂದು ಹೇಳಿ ನರರೋಗ ತಜ್ಞರು ಡೊನೆಪೆಜಿಲ್ ಮಾತ್ರೆ ಬರೆದುಕೊಟ್ಟಿದ್ದಾರೆ. ಅದರ ಬಗ್ಗೆ ಓದುತ್ತಿದ್ದಾಗ, ಬೆಳೆಗೆ ಸಿಂಪಡಿಸುವ ಕೆಲವು ಕೀಟನಾಶಕಗಳೂ ಯುದ್ಧದ ನರವಿಷಗಳೂ ಇದೇ ಕಿಣ್ವವನ್ನು ತಡೆಯುತ್ತವೆ ಎಂದು ತಿಳಿದು ಗಾಬರಿಯಾಯಿತು. ವಿಷ ಮಾಡುವ ಕೆಲಸವನ್ನೇ ಮಾಡುವ ಮಾತ್ರೆಯನ್ನು ದಿನವೂ ಕೊಡುವುದು ಸರಿಯೇ? ತಂದೆಯವರು ಈಗಲೂ ತೋಟದಲ್ಲಿ ಓಡಾಡುತ್ತಾರೆ, ಅಲ್ಲಿ ಔಷಧಿ ಸಿಂಪಡಿಸುವುದೂ ಉಂಟು. ಎರಡೂ ಸೇರಿದರೆ ಅಪಾಯವೇ?

ಉತ್ತರ: ನೀವು ಓದಿದ್ದು ನಿಜ. ಡೊನೆಪೆಜಿಲ್ ಮಾತ್ರೆ, ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ, ಸಾರಿನ್‌ನಂಥ ನರವಿಷ, ಈ ಮೂರೂ ತಡೆಯುವುದು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಒಂದೇ ಕಿಣ್ವವನ್ನು. ಹಾಗೆಂದು ವೈದ್ಯರನ್ನು ಕೇಳದೆ ಮಾತ್ರೆಯನ್ನು ನಿಲ್ಲಿಸಬೇಡಿ. ಒಂದು ವಸ್ತು ಆ ಕಿಣ್ವದ ಎಷ್ಟು ಪಾಲನ್ನು ಹಿಡಿಯುತ್ತದೆ, ದೇಹದ ಯಾವ ಭಾಗದಲ್ಲಿ ಹಿಡಿಯುತ್ತದೆ, ಹಿಡಿದದ್ದನ್ನು ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬುದರ ಮೇಲೆ ಅದು ಔಷಧವೋ ವಿಷವೋ ಎಂಬುದು ನಿಂತಿದೆ. ಈ ಮೂರರಲ್ಲಿ ಕೊನೆಯದೇ ಎಲ್ಲಕ್ಕಿಂತ ದೊಡ್ಡದೆಂದು ನನ್ನ ಅಭಿಪ್ರಾಯ. ನಿಮ್ಮ ಎರಡನೆಯ ಪ್ರಶ್ನೆಯನ್ನು ಮಾತ್ರ ಲಘುವಾಗಿ ತೆಗೆದುಕೊಳ್ಳಬಾರದು, ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಕಿಣ್ವದ ಕೆಲಸವನ್ನು ನೋಡೋಣ. ನರವೊಂದು ಸ್ನಾಯುವಿಗೋ ಗ್ರಂಥಿಗೋ ಇನ್ನೊಂದು ನರಕ್ಕೋ ಸಂದೇಶ ದಾಟಿಸುವಾಗ ಅದರ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ನಡುವಿನ ಕಿರಿದಾದ ಅಂತರವನ್ನು ದಾಟಿ ಆಚೆ ಬದಿಯ ಗ್ರಾಹಕಗಳಿಗೆ ಅದು ಅಂಟಿಕೊಂಡಾಗ ಸ್ನಾಯು ಬಿಗಿಯುತ್ತದೆ, ಗ್ರಂಥಿ ಸ್ರವಿಸುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ನರದ ಸಂದೇಶ ಹೀಗೆ ರಾಸಾಯನಿಕದ ಮೂಲಕ ದಾಟುತ್ತದೆ ಎಂಬುದನ್ನು ಓಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯದ ಮೇಲೆ ನಡೆಸಿದ ಪ್ರಯೋಗದಿಂದ ತೋರಿಸಿದರು. ಅವರಿಗೂ ಹೆನ್ರಿ ಡೇಲ್ ಅವರಿಗೂ 1936ರ ನೊಬೆಲ್ ಬಹುಮಾನ ಸಂದಿತು. ಸಂದೇಶ ತಲುಪಿದ ಕೂಡಲೇ ಅದು ಅಳಿಸಿಹೋಗದಿದ್ದರೆ ಮುಂದಿನ ಸಂದೇಶಕ್ಕೆ ಜಾಗವಿರುವುದಿಲ್ಲ. ಈ ಅಳಿಸುವ ಕೆಲಸ ಅಸಿಟೈಲ್‌ಕೋಲಿನ್‌ಎಸ್ಟರೇಸ್‌ನದು. ನಮಗೆ ತಿಳಿದಿರುವ ಅತ್ಯಂತ ಚುರುಕಿನ ಕಿಣ್ವಗಳಲ್ಲಿ ಇದೂ ಒಂದು. ಅದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯಬಲ್ಲದು. ಸ್ನಾಯುವಿನ ಮೇಲೆ ಬಿದ್ದ ಅಸಿಟೈಲ್‌ಕೋಲಿನ್ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಇಲ್ಲವಾಗುವುದು ಇದರಿಂದಲೇ.

ಇಷ್ಟು ವೇಗ ಹೇಗೆ ಸಾಧ್ಯ ಎಂಬುದು ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ. ಜೋಯೆಲ್ ಸಸ್‌ಮನ್, ಇಸ್ರೇಲ್ ಸಿಲ್ಮನ್ ಮತ್ತು ಅವರ ವೈಜ್‌ಮನ್ ಸಂಸ್ಥೆಯ ತಂಡ 1991ರಲ್ಲಿ, ವಿದ್ಯುತ್ ಹೊಮ್ಮಿಸುವ ಟಾರ್ಪೀಡೊ ಎಂಬ ತೊರಕೆ ಜಾತಿಯ ಮೀನಿನಿಂದ ಪಡೆದ ಈ ಕಿಣ್ವದ ಮೂರು ಆಯಾಮದ ರಚನೆಯನ್ನು ಪ್ರಕಟಿಸಿದಾಗ ಎಲ್ಲರಿಗೂ ಬೆರಗಾಯಿತು. ಕೆಲಸ ನಡೆಯುವ ಜಾಗ ಕಿಣ್ವದ ಮೇಲ್ಮೈಯಲ್ಲಿ ಇರಲಿಲ್ಲ. ಸುಮಾರು 20 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯ ಒಂದು ಭಾಗ) ಆಳದ ಇಕ್ಕಟ್ಟಾದ ಕಂದರವೊಂದರ ತಳಭಾಗದಲ್ಲಿತ್ತು. ಒಳಗೆ ಇಳಿದ ಅಸಿಟೈಲ್‌ಕೋಲಿನ್ ಅಲ್ಲಿರುವ ಸೀರಿನ್ ಎಂಬ ಅಮೈನೊ ಆಮ್ಲದ ಎದುರು ಬಂದು ನಿಲ್ಲುತ್ತದೆ, ಅದರ ಅಸಿಟೈಲ್ ತುಂಡು ಸೀರಿನ್‌ಗೆ ಅಂಟಿಕೊಳ್ಳುತ್ತದೆ, ಉಳಿದ ಕೋಲಿನ್ ಕಳಚಿಕೊಂಡು ಹೊರಹೋಗುತ್ತದೆ. ಬಳಿಕ ನೀರಿನ ಅಣುವೊಂದು ಬಂದು ಆ ಅಸಿಟೈಲ್ ತುಂಡನ್ನು ಕಿತ್ತುಹಾಕಿ ಸೀರಿನ್ ಅನ್ನು ಮತ್ತೆ ಬಿಡುವು ಮಾಡಿಕೊಡುತ್ತದೆ. ಇದೆಲ್ಲವೂ ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ. ಈ ಕೊನೆಯ ಹೆಜ್ಜೆಯನ್ನು, ಎಂದರೆ ನೀರು ಬಂದು ಅಂಟಿದ್ದನ್ನು ಕೀಳುವುದನ್ನು, ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಮಾತ್ರೆಗೂ ನರವಿಷಕ್ಕೂ ನಡುವಿನ ಅಂತರವೆಲ್ಲ ಇಲ್ಲಿಯೇ ಇದೆ.

ನಿಮ್ಮ ತಂದೆಯವರ ಡೊನೆಪೆಜಿಲ್ ಸೀರಿನ್‌ಗೆ ಅಂಟಿಕೊಳ್ಳುವುದೇ ಇಲ್ಲ. ಅದು ಕಂದರದ ಬಾಯಿಯಿಂದ ತಳದವರೆಗೆ ಉದ್ದಕ್ಕೆ ಮಲಗಿ ಅಸಿಟೈಲ್‌ಕೋಲಿನ್‌ಗೆ ದಾರಿ ಬಿಡದಂತೆ ಮಾಡುತ್ತದೆ, ಅಷ್ಟೆ. ರಾಸಾಯನಿಕ ಬಂಧವೇನೂ ಏರ್ಪಡದ ಕಾರಣ ಅದರ ಅಣುಗಳು ಸದಾ ಒಳಹೊಕ್ಕು ಹೊರಬರುತ್ತಲೇ ಇರುತ್ತವೆ. ದಿನಕ್ಕೊಂದೇ ಮಾತ್ರೆ ಸಾಕಾಗುವುದನ್ನು ನೋಡಿ ಅದರ ಹಿಡಿತವೇ ಗಟ್ಟಿಯೆಂದು ಕೆಲವರು ಭಾವಿಸುತ್ತಾರೆ. ಅದಕ್ಕೆ ಕಾರಣ ಬೇರೆ: ದೇಹ ಈ ಔಷಧವನ್ನು ತುಂಬ ನಿಧಾನವಾಗಿ ಹೊರಹಾಕುತ್ತದೆ, ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 70 ಗಂಟೆ ಬೇಕು. ಇದಕ್ಕೆ ತದ್ವಿರುದ್ಧವಾದದ್ದು ಎಡ್ರೊಫೋನಿಯಮ್. ಅದೂ ಬಂಧವಿಲ್ಲದೆ ಕೂರುವ ಔಷಧವೇ ಆದರೂ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಅದರ ಪರಿಣಾಮ ಮುಗಿದುಹೋಗುತ್ತದೆ. ಹಾಗಾಗಿ ಮಯಸ್ತೇನಿಯಾ ಗ್ರಾವಿಸ್ ಎಂಬ ಸ್ನಾಯು ದೌರ್ಬಲ್ಯದ ಕಾಯಿಲೆಯನ್ನು ಪತ್ತೆಹಚ್ಚುವ ಪರೀಕ್ಷೆಗೆ ಅದನ್ನು ಬಳಸುತ್ತಿದ್ದರು.

ಎರಡನೆಯ ಗುಂಪು ಕಾರ್ಬಮೇಟುಗಳದು. ನಿಯೋಸ್ಟಿಗ್ಮಿನ್, ಪಿರಿಡೊಸ್ಟಿಗ್ಮಿನ್, ಮರೆವಿಗೆ ಕೊಡುವ ರಿವಾಸ್ಟಿಗ್ಮಿನ್ ಇವೆಲ್ಲ ಇದೇ ಗುಂಪಿನ ಔಷಧಗಳು; ಕಾರ್ಬೊಫ್ಯೂರಾನ್, ಮೆಥೊಮಿಲ್, ಕಾರ್ಬರಿಲ್ ಇದೇ ಗುಂಪಿನ ಕೀಟನಾಶಕಗಳು. ಇವು ತಮ್ಮದೊಂದು ತುಂಡನ್ನು ಸೀರಿನ್‌ಗೆ ಅಂಟಿಸಿ ಹೋಗುತ್ತವೆ, ಮತ್ತು ನೀರು ಆ ತುಂಡನ್ನು ಕೀಳುವುದು ನಿಧಾನವಾಗುತ್ತದೆ. ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನ ಕೆಲಸ ಇಲ್ಲಿ ಅರ್ಧ ಗಂಟೆಯಿಂದ ಹಲವು ಗಂಟೆಗಳವರೆಗೆ ಎಳೆಯುತ್ತದೆ. ರಿವಾಸ್ಟಿಗ್ಮಿನ್ ರಕ್ತದಿಂದ ಒಂದೆರಡು ಗಂಟೆಯಲ್ಲೇ ಬಹುಪಾಲು ಮಾಯವಾದರೂ ಮಿದುಳಿನಲ್ಲಿ ಅದು ಅಂಟಿಸಿಹೋದ ತಡೆ ಸುಮಾರು ಹತ್ತು ಗಂಟೆ ಉಳಿಯುವುದು ಈ ಕಾರಣಕ್ಕೆ. ಏನೇ ಆದರೂ ಕಿಣ್ವ ಕೊನೆಗೆ ತಾನಾಗಿಯೇ ಬಿಡುಗಡೆಯಾಗುತ್ತದೆ. ಕಾರ್ಬಮೇಟ್ ಕೀಟನಾಶಕ ಹೊಟ್ಟೆಗೆ ಸೇರಿದವರು ಮೊದಲ ಒಂದೆರಡು ದಿನ ಬದುಕುಳಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ.

ಮೂರನೆಯ ಗುಂಪು ಆರ್ಗನೋಫಾಸ್ಫೇಟುಗಳದು. ಇವು ಸೀರಿನ್‌ಗೆ ರಂಜಕದ ತುಂಡನ್ನು ಅಂಟಿಸುತ್ತವೆ, ಅದನ್ನು ಕೀಳುವುದು ನೀರಿಗೆ ಬಹುಮಟ್ಟಿಗೆ ಆಗದ ಕೆಲಸ. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಅಂಟಿದ ತುಂಡು ಅಲ್ಲಿಯೇ ಕುಳಿತು ತನ್ನ ಒಂದು ಕವಲನ್ನು ಕಳಚಿಕೊಂಡು ಇನ್ನಷ್ಟು ಭದ್ರವಾಗುತ್ತದೆ. ವಿಷವೈದ್ಯರು ಇದನ್ನು ಕಿಣ್ವದ ಮುಪ್ಪಾಗುವಿಕೆ ಎನ್ನುತ್ತಾರೆ. ಮುಪ್ಪಾದ ಕಿಣ್ವವನ್ನು ಯಾವ ಮದ್ದೂ ಮರಳಿ ತರಲಾರದು, ದೇಹ ಹೊಸ ಕಿಣ್ವವನ್ನು ತಯಾರಿಸಿಕೊಳ್ಳಬೇಕು, ಅದಕ್ಕೆ ವಾರಗಳೇ ಬೇಕು. ಮುಪ್ಪಾಗಲು ಹಿಡಿಯುವ ಕಾಲ ವಿಷದಿಂದ ವಿಷಕ್ಕೆ ಬದಲಾಗುತ್ತದೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಡೈಮೀಥೈಲ್ ಬಗೆಯ ಕೀಟನಾಶಕಗಳು, ಉದಾಹರಣೆಗೆ ಡೈಮೆಥೊಯೇಟ್, ತಡೆದ ಕಿಣ್ವದಲ್ಲಿ ಅರ್ಧದಷ್ಟು ನಾಲ್ಕು ಗಂಟೆಯೊಳಗೆ ಮುಪ್ಪಾಗುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಡೈಈಥೈಲ್ ಬಗೆಯವುಗಳಿಗೆ 30 ಗಂಟೆಗೂ ಹೆಚ್ಚು ಬೇಕು. ಸೊಮಾನ್ ಎಂಬ ನರವಿಷಕ್ಕೆ ಕೆಲವೇ ನಿಮಿಷ ಸಾಕು. ಆಸ್ಪತ್ರೆಗೆ ಬೇಗ ತಲುಪಿದವರಿಗೂ ಕೆಲವೊಮ್ಮೆ ಮದ್ದು ಫಲಿಸದಿರುವುದಕ್ಕೆ ಇದೂ ಒಂದು ಕಾರಣ. ಬಾಟಲಿಯ ಮೇಲಿನ ಹೆಸರು ವೈದ್ಯರಿಗೆ ಅಷ್ಟು ಮುಖ್ಯವಾಗುವುದು ಕೂಡ ಇದರಿಂದಲೇ.

ವಿಷದಿಂದಲೇ ಔಷಧ ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಿದರೆ ನಿಮ್ಮ ಗಾಬರಿ ಕಡಿಮೆಯಾದೀತು. ಈಗಿನ ನೈಜೀರಿಯಾದ ಕಲಬಾರ್ ಪ್ರದೇಶದಲ್ಲಿ ಎಫಿಕ್ ಜನರು, ಅಪರಾಧದ ಆರೋಪ ಹೊತ್ತವರಿಗೆ ಒಂದು ಬಗೆಯ ಕಾಡು ಹುರುಳಿಯ ಬೀಜವನ್ನು ತಿನ್ನಿಸಿ, ಸತ್ತರೆ ಅಪರಾಧಿ, ವಾಂತಿ ಮಾಡಿಕೊಂಡು ಬದುಕಿದರೆ ನಿರಪರಾಧಿ ಎಂದು ತೀರ್ಮಾನಿಸುತ್ತಿದ್ದರು. ಆ ಬೀಜ ಎಡಿನ್‌ಬರೊ ತಲುಪಿದಾಗ ಅಲ್ಲಿನ ವಿಷವಿಜ್ಞಾನಿ ರಾಬರ್ಟ್ ಕ್ರಿಸ್ಟಿಸನ್ 1855ರಲ್ಲಿ ಸ್ವತಃ ಅದರ ಒಂದು ಪಾಲನ್ನು ತಿಂದು ನೋಡಿದರು. ತಲೆ ಸುತ್ತಿ ಕೈಕಾಲು ಸೋಲತೊಡಗಿದಾಗ, ಆಗತಾನೆ ಕ್ಷೌರಕ್ಕೆ ಬಳಸಿದ್ದ ಸೋಪಿನ ನೀರನ್ನೇ ಕುಡಿದು ವಾಂತಿ ಮಾಡಿಕೊಂಡು ಪಾರಾದರು. (ಆ ಕಾಲದ ವಿಷವಿಜ್ಞಾನಿಗಳ ಧೈರ್ಯವನ್ನು ಮೆಚ್ಚಬೇಕೋ ಬೈಯಬೇಕೋ ನನಗಿನ್ನೂ ಗೊತ್ತಾಗಿಲ್ಲ.) 1863ರಲ್ಲಿ ಅದೇ ಊರಿನ ಕಣ್ಣಿನ ವೈದ್ಯ ಆರ್ಗೈಲ್ ರಾಬರ್ಟ್‌ಸನ್, ಈ ಬೀಜದ ಸಾರ ಕಣ್ಣಿನ ಪಾಪೆಯನ್ನು ಕುಗ್ಗಿಸುತ್ತದೆ, ಪಾಪೆಯನ್ನು ಹಿಗ್ಗಿಸುವ ಅಟ್ರೊಪಿನ್‌ಗೆ ಇದು ನೇರ ಎದುರಾಳಿ ಎಂದು ತೋರಿಸಿದರು. ಅದರಲ್ಲಿರುವ ಫೈಸೊಸ್ಟಿಗ್ಮಿನ್ ಎಂಬ ಕಾರ್ಬಮೇಟನ್ನು 1864ರಲ್ಲಿ ಬೇರ್ಪಡಿಸಲಾಯಿತು, ಮುಂದೆ ಅದು ಕಣ್ಣಿನೊಳಗಿನ ಒತ್ತಡ ಹೆಚ್ಚುವ ಗ್ಲಾಕೋಮಾ ಕಾಯಿಲೆಗೆ ಕಣ್ಣಿನ ಹನಿಯಾಯಿತು. 1934ರಲ್ಲಿ ಗ್ರೀನಿಚ್‌ನ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯೆಯಾಗಿದ್ದ ಮೇರಿ ವಾಕರ್, ಮಯಸ್ತೇನಿಯಾ ರೋಗಿಯ ಸ್ಥಿತಿ, ಸ್ನಾಯುಗಳನ್ನು ಸೋಲಿಸುವ ಕ್ಯುರಾರೆ ಎಂಬ ವಿಷ ಏರಿದವರ ಸ್ಥಿತಿಯನ್ನು ಹೋಲುತ್ತದೆ ಎಂಬುದನ್ನು ಗಮನಿಸಿ, ಕ್ಯುರಾರೆಗೆ ಮದ್ದಾಗಿ ಕೊಡುತ್ತಿದ್ದ ಫೈಸೊಸ್ಟಿಗ್ಮಿನ್ ಅನ್ನು ರೋಗಿಗೆ ಚುಚ್ಚಿದರು. ಜೋತುಬಿದ್ದಿದ್ದ ರೆಪ್ಪೆಗಳು ಮೇಲೆದ್ದವು, ನುಂಗುವುದು ಸುಲಭವಾಯಿತು. ಗಂಟೆಗಳ ಬಳಿಕ ಔಷಧ ಇಳಿದಾಗ ಹಳೆಯ ಸ್ಥಿತಿ ಮರಳಿತು. ಇಂದಿಗೂ ಆ ಕಾಯಿಲೆಯವರು ಪಿರಿಡೊಸ್ಟಿಗ್ಮಿನ್ ಮಾತ್ರೆಯನ್ನು ದಿನಕ್ಕೆ ಹಲವು ಬಾರಿ ನುಂಗಿ ಬದುಕು ನಡೆಸುತ್ತಾರೆ. ಅರಿವಳಿಕೆ ತಜ್ಞರು ಶಸ್ತ್ರಕ್ರಿಯೆ ಮುಗಿದ ಮೇಲೆ ಸಡಿಲಗೊಳಿಸಿದ್ದ ಸ್ನಾಯುಗಳಿಗೆ ಮತ್ತೆ ಬಲ ತರಲು ನಿಯೋಸ್ಟಿಗ್ಮಿನ್ ಚುಚ್ಚುತ್ತಾರೆ.

ಇದೇ ಹೊತ್ತಿಗೆ ಜರ್ಮನಿಯಲ್ಲಿ ಗೆರ್‌ಹಾರ್ಡ್ ಶ್ರಾಡರ್ ಹೊಸ ಕೀಟನಾಶಕಗಳನ್ನು ಹುಡುಕುತ್ತಿದ್ದರು. 1936ರ ಡಿಸೆಂಬರ್‌ನಲ್ಲಿ ಅವರು ತಯಾರಿಸಿದ ಒಂದು ಸಂಯುಕ್ತ ಗಿಡಹೇನುಗಳನ್ನು ಅತ್ಯಲ್ಪ ಪ್ರಮಾಣದಲ್ಲೇ ಕೊಂದಿತು. ಕೆಲವೇ ವಾರಗಳಲ್ಲಿ ಅದು ತಗುಲಿ ಅವರ ಮತ್ತು ಅವರ ಸಹಾಯಕರ ಕಣ್ಣಿನ ಪಾಪೆಗಳೂ ಕುಗ್ಗಿ, ಬೆಳಕು ಮಂಕಾಗಿ, ಉಸಿರಾಡುವುದು ಕಷ್ಟವಾಯಿತು. ಅದೇ ಟಾಬುನ್, ಮೊದಲ ನರವಿಷ. 1938ರಲ್ಲಿ ಸಾರಿನ್ ಬಂತು, 1944ರಲ್ಲಿ ಸೊಮಾನ್. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲಿನಲ್ಲಿ ಓಂ ಶಿನ್ರಿಕ್ಯೊ ಪಂಥದವರು ಸಾರಿನ್ ಬಿಟ್ಟಾಗ ಸಾವಿರಾರು ಜನ ಆಸ್ಪತ್ರೆಗಳಿಗೆ ಧಾವಿಸಿದರು. ರೋಗಿಗಳ ಬಟ್ಟೆಯಿಂದ ಏಳುತ್ತಿದ್ದ ಆವಿಯಿಂದ ಅವರನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೂ ಕಣ್ಣು ಮಂಜಾಗಿತ್ತು. ಹೀಗೆ ಗಿಡಹೇನಿಗೆಂದು ಹುಡುಕಿದ್ದು ಮನುಷ್ಯನಿಗೂ ತಾಗಿದ್ದರಲ್ಲಿ ಆಶ್ಚರ್ಯವಿಲ್ಲ, ಕೀಟದ ನರಮಂಡಲ ನಡೆಯುವುದೂ ಇದೇ ಕಿಣ್ವದಿಂದ. ಕೀಟಕ್ಕೆ ಹೆಚ್ಚು, ಮನುಷ್ಯನಿಗೆ ಕಡಿಮೆ ಎನ್ನುವ ವ್ಯತ್ಯಾಸ ಬರುವುದು ಬಹುಮಟ್ಟಿಗೆ ಬೇರೆ ಕಡೆಯಿಂದ. ಮ್ಯಾಲಾಥಿಯಾನ್ ಅನ್ನೇ ತೆಗೆದುಕೊಳ್ಳಿ: ಅದು ಇದ್ದಂತೆಯೇ ಇದ್ದರೆ ಕಿಣ್ವವನ್ನು ಹೆಚ್ಚೇನೂ ತಡೆಯದು, ದೇಹದೊಳಗೆ ಮ್ಯಾಲಾಕ್ಸಾನ್ ಆಗಿ ಬದಲಾದ ಮೇಲೆ ವಿಷವಾಗುತ್ತದೆ. ನಮ್ಮ ಯಕೃತ್ತಿನಲ್ಲಿರುವ ಇನ್ನೊಂದು ಬಗೆಯ ಎಸ್ಟರೇಸ್ ಅದನ್ನು ಅದಕ್ಕೂ ಮುಂಚೆಯೇ ಒಡೆದುಹಾಕುತ್ತದೆ, ಕೀಟಗಳಲ್ಲಿ ಆ ಅನುಕೂಲ ಕಡಿಮೆ. ಈ ರಕ್ಷಣೆ ಎಷ್ಟು ತೆಳುವಾದದ್ದು ಎಂಬುದು 1976ರಲ್ಲಿ ಪಾಕಿಸ್ತಾನದ ಮಲೇರಿಯಾ ನಿಯಂತ್ರಣ ಕಾರ್ಯದಲ್ಲಿ ಗೊತ್ತಾಯಿತು. ಸಿಂಪಡಿಸಲು ಬಂದ ಮ್ಯಾಲಾಥಿಯಾನ್ ಪುಡಿಯಲ್ಲಿ ಐಸೊಮ್ಯಾಲಾಥಿಯಾನ್ ಎಂಬ ಕಲ್ಮಷ ಬೆರೆತಿತ್ತು, ಅದು ಆ ಎಸ್ಟರೇಸನ್ನೇ ತಡೆದುಬಿಟ್ಟಿತು. 7,500 ಕೆಲಸಗಾರರಲ್ಲಿ ಸುಮಾರು 2,800 ಮಂದಿ ವಿಷಬಾಧೆಗೆ ಒಳಗಾದರು, ಐವರು ಸತ್ತರು. ಹಳೆಯದಾದ, ಬಿಸಿಲಿನಲ್ಲಿ ಇಟ್ಟಿದ್ದ ಕೀಟನಾಶಕವನ್ನು ಬಳಸಬೇಡಿ ಎಂದು ಹೇಳುವುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ಬೇಡ.

ವಿಷ ಏರಿದಾಗ ಏನಾಗುತ್ತದೆ ಎಂಬುದನ್ನು ತಿಳಿದಿದ್ದರೆ ಒಳ್ಳೆಯದು, ಏಕೆಂದರೆ ಮಾತ್ರೆಯ ಅಡ್ಡ ಪರಿಣಾಮಗಳು ಅದೇ ಚಿತ್ರದ ತೀರಾ ಮಸುಕಾದ ರೂಪ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಕ್ಕೆ ಕುಗ್ಗುತ್ತದೆ. ಜೊಲ್ಲು, ಕಣ್ಣೀರು, ಬೆವರು ಒಂದೇ ಸಮನೆ ಸುರಿಯುತ್ತವೆ. ವಾಂತಿ, ಭೇದಿ, ತಡೆಯಲಾಗದ ಮೂತ್ರ, ನಿಧಾನವಾಗುವ ನಾಡಿ, ಉಬ್ಬಸದಂತೆ ಬಿಗಿದ ಎದೆ. ಚರ್ಮದ ಕೆಳಗೆ ಸ್ನಾಯುಗಳು ಹುಳು ಹರಿದಂತೆ ಅದುರುತ್ತವೆ, ಆಮೇಲೆ ಸೋತುಬೀಳುತ್ತವೆ. ಸಾವು ಬರುವುದು ಹೆಚ್ಚಾಗಿ ಉಸಿರಾಟದಿಂದ: ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಉಸಿರಾಟದ ಸ್ನಾಯುಗಳು ಕೈಕೊಡುತ್ತವೆ, ಮಿದುಳಿನ ಉಸಿರಾಟ ಕೇಂದ್ರವೂ ಮಂಕಾಗುತ್ತದೆ.

ಚಿಕಿತ್ಸೆಯ ಮೊದಲ ಮದ್ದು ಆ ಹಳೆಯ ಎದುರಾಳಿ ಅಟ್ರೊಪಿನ್. ಅದು ಕಿಣ್ವವನ್ನು ಮುಟ್ಟುವುದಿಲ್ಲ, ಗ್ರಂಥಿ ಮತ್ತು ಹೃದಯದ ಗ್ರಾಹಕಗಳನ್ನು ಮುಚ್ಚಿ, ಉಕ್ಕಿ ಬಂದ ಅಸಿಟೈಲ್‌ಕೋಲಿನ್ ಅಲ್ಲಿ ಕೂರದಂತೆ ಮಾಡುತ್ತದೆ. ವೈದ್ಯರು ಒಂದರಿಂದ ಮೂರು ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟು, ಐದು ನಿಮಿಷ ಕಾದು, ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳುತ್ತಾರೆ. ನೀರಿನ ಗುಳುಗುಳು ಸದ್ದು ಇನ್ನೂ ಇದ್ದರೆ ಪ್ರಮಾಣವನ್ನು ಇಮ್ಮಡಿಸುತ್ತಾರೆ, ಮತ್ತೆ ಐದು ನಿಮಿಷಕ್ಕೆ ಮತ್ತೆ ಇಮ್ಮಡಿ. ಎದೆ ತಿಳಿಯಾಗಿ, ಕಂಕುಳು ಒಣಗಿ, ನಾಡಿ 80ರ ಮೇಲೇರಿ, ರಕ್ತದೊತ್ತಡ ನಿಲ್ಲುವವರೆಗೂ ಇದು ನಡೆಯುತ್ತದೆ. ಉಳಿದ ಯಾವ ಕಾಯಿಲೆಯಲ್ಲೂ ಊಹಿಸಲಾಗದಷ್ಟು ಅಟ್ರೊಪಿನ್ ಇಲ್ಲಿ ಬೇಕಾದೀತು. ಆದರೆ ಸ್ನಾಯುವಿನ ಮೇಲಿನ ಗ್ರಾಹಕ ಬೇರೆ ಬಗೆಯದು, ಅಟ್ರೊಪಿನ್ ಅಲ್ಲಿ ಕೆಲಸಕ್ಕೆ ಬಾರದು. ಅದಕ್ಕೆಂದೇ 1955ರಲ್ಲಿ ಇರ್ವಿನ್ ವಿಲ್ಸನ್ ಮತ್ತು ಸಾರಾ ಗಿನ್ಸ್‌ಬರ್ಗ್ ಪ್ರಾಲಿಡಾಕ್ಸಿಮ್ ಅನ್ನು ರೂಪಿಸಿದರು. ನೀರಿಗೆ ಆಗದ ಕೆಲಸವನ್ನು ಅದು ಮಾಡುತ್ತದೆ, ಕಂದರದೊಳಗೆ ಇಳಿದು ರಂಜಕದ ತುಂಡನ್ನು ಸೀರಿನ್‌ನಿಂದ ಕಿತ್ತೊಯ್ಯುತ್ತದೆ, ಕಿಣ್ವ ಮುಪ್ಪಾಗಿರದಿದ್ದರೆ ಮಾತ್ರ. ಪ್ರಯೋಗಶಾಲೆಯಲ್ಲಿ ಇಷ್ಟು ಸೊಗಸಾಗಿ ಕೆಲಸ ಮಾಡುವ ಈ ಮದ್ದು ರೋಗಿಗಳ ಮೇಲಿನ ಅಧ್ಯಯನಗಳಲ್ಲಿ ಒಂದೇ ತೆರನಾದ ಫಲ ಕೊಟ್ಟಿಲ್ಲ. ಕೆಲವು ಅಧ್ಯಯನಗಳಲ್ಲಿ ಪ್ರಯೋಜನ ಕಂಡಿತು, ಕೆಲವುಗಳಲ್ಲಿ ಕಾಣಲಿಲ್ಲ. ಅಟ್ರೊಪಿನ್ ಮತ್ತು ಕೃತಕ ಉಸಿರಾಟ, ಇವೆರಡೇ ಹೆಚ್ಚು ಜೀವಗಳನ್ನು ಉಳಿಸುತ್ತವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ಮೊದಲ ದಿನದ ಬಿರುಗಾಳಿ ತಣ್ಣಗಾಗಿ ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ, ಒಂದರಿಂದ ನಾಲ್ಕು ದಿನಗಳ ನಡುವೆ, ರೋಗಿಯ ಕತ್ತು ಮತ್ತು ಉಸಿರಾಟದ ಸ್ನಾಯುಗಳು ಇದ್ದಕ್ಕಿದ್ದಂತೆ ಸೋಲಬಹುದು. ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ 1987ರಲ್ಲಿ ಇದನ್ನು ಮಧ್ಯಂತರ ಲಕ್ಷಣಕೂಟವೆಂದು ವಿವರಿಸಿದರು. ದಿಂಬಿನಿಂದ ತಲೆ ಎತ್ತಿ ಹಿಡಿಯಲು ರೋಗಿಗೆ ಹೇಳುವುದು ಇದನ್ನು ಮೊದಲೇ ಗುರುತಿಸುವ ಸರಳ ಪರೀಕ್ಷೆ. ತಲೆ ಎತ್ತಲಾಗದಿದ್ದರೆ ವೆಂಟಿಲೇಟರ್ ಸಿದ್ಧವಿರಬೇಕು. ಚೇತರಿಸಿಕೊಂಡಂತೆ ಕಂಡವರನ್ನು ಮರುದಿನವೇ ಮನೆಗೆ ಕರೆದೊಯ್ಯುವ ಆತುರ ಬೇಡವೆನ್ನುವುದು ಇದಕ್ಕಾಗಿ.

ಈಗ ನಿಮ್ಮ ತಂದೆಯವರ ಮಾತ್ರೆಗೆ ಬರೋಣ. ಅಲ್ಜೈಮರ್ಸ್‌ನಲ್ಲಿ ಮಿದುಳಿನ ಅಸಿಟೈಲ್‌ಕೋಲಿನ್ ತಯಾರಿಸುವ ನರಕೋಶಗಳು ಸಾಯುತ್ತವೆ ಎಂಬುದು 1970ರ ದಶಕದಲ್ಲಿ ಗೊತ್ತಾಯಿತು. ಉಳಿದಿರುವ ಅಲ್ಪಸ್ವಲ್ಪವನ್ನು ಕಿಣ್ವ ಬೇಗನೆ ಒಡೆಯದಂತೆ ನೋಡಿಕೊಂಡರೆ ಇದ್ದದ್ದರಲ್ಲೇ ಕೆಲಸ ಸಾಗೀತು ಎಂಬ ಆಲೋಚನೆಯಿಂದ ಈ ಔಷಧಗಳು ಬಂದವು. ಮೊದಲನೆಯದಾದ ಟ್ಯಾಕ್ರಿನ್ 1993ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತಾದರೂ ಯಕೃತ್ತಿಗೆ ಹಾನಿ ಮಾಡುತ್ತಿದ್ದುದರಿಂದ ಮೂಲೆ ಸೇರಿತು. 1996ರಲ್ಲಿ ಡೊನೆಪೆಜಿಲ್ ಬಂತು, ಬಳಿಕ ರಿವಾಸ್ಟಿಗ್ಮಿನ್, ಸ್ನೋಡ್ರಾಪ್ ಹೂಗಿಡದಲ್ಲಿ ಮೊದಲು ಕಂಡುಬಂದ ಗ್ಯಾಲಂಟಮಿನ್. ಚಿಕಿತ್ಸೆಯ ಪ್ರಮಾಣದಲ್ಲಿ ಡೊನೆಪೆಜಿಲ್ ಮಿದುಳಿನ ಈ ಕಿಣ್ವದ ಮೂರನೆಯ ಒಂದು ಭಾಗದ ಆಸುಪಾಸನ್ನು ಮಾತ್ರ ತಡೆಯುತ್ತದೆ ಎಂದು ಮಿದುಳಿನ ಸ್ಕ್ಯಾನ್ ಅಧ್ಯಯನಗಳು ತೋರಿಸಿವೆ. ವಿಷಬಾಧೆ ತೀವ್ರವಾದವರಲ್ಲಾದರೋ ಹತ್ತನೆಯ ಒಂದು ಭಾಗದಷ್ಟು ಕಿಣ್ವವೂ ಕೆಲಸಕ್ಕೆ ಉಳಿದಿರುವುದಿಲ್ಲ, ಮತ್ತು ಆ ಕುಸಿತ ನಿಮಿಷಗಳಲ್ಲಿ, ಗಂಟೆಗಳಲ್ಲಿ ಆಗುತ್ತದೆ. ತಡೆ ನಿಧಾನವಾಗಿ ಏರಿದರೆ ಗ್ರಾಹಕಗಳು ತಾವೇ ಕಡಿಮೆಯಾಗಿ ದೇಹ ಹೊಂದಿಕೊಳ್ಳುತ್ತದೆ. ಐದು ಮಿಲಿಗ್ರಾಮಿನಿಂದ ಶುರುಮಾಡಿ ನಾಲ್ಕರಿಂದ ಆರು ವಾರಗಳಾದ ಮೇಲಷ್ಟೇ ಹತ್ತಕ್ಕೆ ಏರಿಸುವ ಪದ್ಧತಿ ಇರುವುದು ಇದನ್ನು ನೆಚ್ಚಿಕೊಂಡು.

ಪ್ರಯೋಜನದ ಬಗ್ಗೆ ನೇರವಾಗಿ ಹೇಳುವುದಾದರೆ, ಅದು ಸಾಧಾರಣ. ಆರು ತಿಂಗಳ ಕೊನೆಗೆ, ನೆನಪು ಮತ್ತು ಯೋಚನಾಶಕ್ತಿಯನ್ನು ಅಳೆಯುವ 70 ಅಂಕಗಳ ಪರೀಕ್ಷೆಯಲ್ಲಿ, ಮಾತ್ರೆ ತೆಗೆದುಕೊಳ್ಳದವರಿಗಿಂತ ಸರಾಸರಿ ಎರಡು ಮೂರು ಅಂಕದ ಲಾಭ. ನರಕೋಶಗಳು ಸಾಯುವುದನ್ನು ಇದು ನಿಲ್ಲಿಸದು. ಆದರೂ ಕೆಲವರಲ್ಲಿ ಗಮನ, ಮಾತು, ದಿನನಿತ್ಯದ ಕೆಲಸಗಳು ಕೆಲಕಾಲ ಉತ್ತಮವಾಗಿರುವುದನ್ನು ಮನೆಯವರೇ ಗುರುತಿಸುತ್ತಾರೆ, ಹಠಾತ್ತನೆ ನಿಲ್ಲಿಸಿದಾಗ ಕುಸಿಯುವುದೂ ಉಂಟು. ಮೂರರಿಂದ ಆರು ತಿಂಗಳು ಕೊಟ್ಟು ನೋಡಿ, ಏನು ಬದಲಾಯಿತೆಂದು ಬರೆದಿಟ್ಟುಕೊಂಡು, ವೈದ್ಯರ ಜೊತೆ ಕುಳಿತು ಮುಂದುವರಿಸುವ ನಿರ್ಧಾರ ಮಾಡುವುದು ಸರಿಯಾದ ದಾರಿ.

ನಿಜವಾಗಿ ಎಚ್ಚರ ವಹಿಸಬೇಕಾದದ್ದು ನಾಡಿಯ ವಿಷಯದಲ್ಲಿ. ವಾಕರಿಕೆ, ಭೇದಿ, ಊಟ ಸೇರದಿರುವುದು, ಕಾಲು ಸೆಳೆತ, ಕಣ್ಣಿಗೆ ಕಟ್ಟಿದಂಥ ಕನಸುಗಳು ಬಹಳ ಮಂದಿಗೆ ಮೊದಲ ವಾರಗಳಲ್ಲಿ ಬಂದುಹೋಗುತ್ತವೆ. ಕನಸು ಕಾಡಿದರೆ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಿ. ಆದರೆ ತಲೆ ಸುತ್ತಿ ಬೀಳುವುದು, ಕಣ್ಣು ಕತ್ತಲೆ ಬರುವುದು, ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗೆ ಇಳಿಯುವುದು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು, ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿದ್ದರಂತೂ ತಡಮಾಡಬಾರದು. ಉಬ್ಬಸ, ಹೊಟ್ಟೆಯ ಹುಣ್ಣು ಇದ್ದವರ ವಿಷಯವನ್ನು ಮೊದಲೇ ಹೇಳಬೇಕು, ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಮತ್ತೊಂದು ವಿಚಿತ್ರ ಸಂಗತಿಯನ್ನು ಆಗಾಗ ನೋಡುತ್ತೇವೆ: ಡೊನೆಪೆಜಿಲ್‌ನಿಂದ ಮೂತ್ರದ ಅವಸರ ಹೆಚ್ಚಾದ ರೋಗಿಗೆ ಅದನ್ನು ತಡೆಯಲು ಆಕ್ಸಿಬ್ಯುಟಿನಿನ್ ಬರೆದುಕೊಡಲಾಗುತ್ತದೆ. ಅದು ಅಸಿಟೈಲ್‌ಕೋಲಿನ್‌ನ ಗ್ರಾಹಕವನ್ನೇ ಮುಚ್ಚುವ ಔಷಧ. ಒಂದು ಮಾತ್ರೆ ಕಟ್ಟಿದ್ದನ್ನು ಇನ್ನೊಂದು ಕೆಡವುತ್ತದೆ, ಮರೆವು ಇನ್ನಷ್ಟು ಹೆಚ್ಚುತ್ತದೆ. ಅಮಿಟ್ರಿಪ್ಟಿಲಿನ್, ನಿದ್ದೆ ಬರಿಸುವ ಹಳೆಯ ಅಲರ್ಜಿ ಮಾತ್ರೆಗಳು ಕೂಡ ಇದೇ ತೊಂದರೆ ಮಾಡುತ್ತವೆ. ರಿವಾಸ್ಟಿಗ್ಮಿನ್‌ನ ಚರ್ಮದ ಪ್ಯಾಚ್ ಬಳಸುವವರು ಹಳೆಯದನ್ನು ಕಿತ್ತ ಮೇಲೆಯೇ ಹೊಸದನ್ನು ಅಂಟಿಸಬೇಕು, ಒಂದರ ಮೇಲೊಂದು ಅಂಟಿಸಿಕೊಂಡು ವಿಷ ಏರಿ ಸತ್ತವರಿದ್ದಾರೆ. ಶಸ್ತ್ರಕ್ರಿಯೆ ಏನಾದರೂ ಬಂದರೆ ಅರಿವಳಿಕೆ ತಜ್ಞರಿಗೆ ಈ ಮಾತ್ರೆಯ ಹೆಸರು ಹೇಳುವುದನ್ನು ಮರೆಯಬೇಡಿ. ಸಕ್ಸಮೆಥೋನಿಯಮ್ ಎಂಬ ಸ್ನಾಯು ಸಡಿಲಿಕೆಯ ಔಷಧದ ಪರಿಣಾಮ ಇದರಿಂದ ಹೆಚ್ಚಬಹುದು.

ಕೊನೆಗೆ ತೋಟದ ವಿಷಯ. ಬಂಧವಿಲ್ಲದೆ ಅಥವಾ ತಾತ್ಕಾಲಿಕವಾಗಿ ಕಿಣ್ವವನ್ನು ಆವರಿಸಿಕೊಂಡ ಔಷಧ, ಕಾಯಮ್ಮಾಗಿ ಅಂಟುವ ವಿಷಕ್ಕೆ ಆ ಜಾಗ ಸಿಗದಂತೆ ಕಾಯಬಲ್ಲದು ಎಂಬ ತರ್ಕದ ಮೇಲೆ 1991ರ ಕೊಲ್ಲಿ ಯುದ್ಧದಲ್ಲಿ ಸೈನಿಕರಿಗೆ ಎಂಟು ಗಂಟೆಗೊಮ್ಮೆ 30 ಮಿಲಿಗ್ರಾಂ ಪಿರಿಡೊಸ್ಟಿಗ್ಮಿನ್ ನುಂಗಿಸಲಾಗಿತ್ತು. ಈ ಸುದ್ದಿಯನ್ನು ಓದಿ, ಡೊನೆಪೆಜಿಲ್ ತೆಗೆದುಕೊಳ್ಳುವವರಿಗೆ ಕೀಟನಾಶಕ ತಾಗದು ಎಂದುಕೊಳ್ಳುವುದು ತಪ್ಪು. ಆ ಉಪಾಯ ಅಟ್ರೊಪಿನ್ ಮತ್ತು ಆಕ್ಸಿಮ್ (ಪ್ರಾಲಿಡಾಕ್ಸಿಮ್‌ನಂಥ ಮದ್ದು) ಕೂಡಲೇ ಕೈಗೆ ಸಿಗುವಲ್ಲಿ, ಸೊಮಾನ್‌ನಂಥ ಬೇಗ ಮುಪ್ಪಾಗಿಸುವ ವಿಷಕ್ಕೆ ಮಾತ್ರ ಉದ್ದೇಶಿಸಿದ್ದು. ದಿನನಿತ್ಯದ ಬದುಕಿನಲ್ಲಿ ಎರಡು ತಡೆಗಳು ಒಂದರ ಮೇಲೊಂದು ಕೂಡುತ್ತವೆ ಎಂದೇ ಭಾವಿಸಿ ನಡೆಯಬೇಕು. ಆದ್ದರಿಂದ ತಂದೆಯವರು ಔಷಧಿ ಬೆರೆಸುವುದು, ಸಿಂಪಡಿಸುವುದು ಬೇಡ, ಸಿಂಪಡಿಸಿದ ತಾಕಿಗೆ ಲೇಬಲ್‌ನಲ್ಲಿ ಹೇಳಿದ ಅವಧಿ ಮುಗಿಯುವವರೆಗೆ ಹೋಗುವುದೂ ಬೇಡ. ಲೇಬಲ್ ಓದಿ ಅದು ಆರ್ಗನೋಫಾಸ್ಫೇಟೋ ಕಾರ್ಬಮೇಟೋ ಎಂದು ನೋಡಿಕೊಳ್ಳಿ. ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳು ಈ ಕಿಣ್ವಕ್ಕೆ ಸಂಬಂಧಿಸಿದವಲ್ಲ, ಅವುಗಳ ಅಪಾಯ ಬೇರೆ ಬಗೆಯದು. ಮರೆವಿನವರಿರುವ ಮನೆಯಲ್ಲಿ ಕೀಟನಾಶಕವನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಡುವುದು ಮಾತ್ರೆಗಿಂತ ನೂರು ಪಾಲು ದೊಡ್ಡ ಅಪಾಯ. ಅದನ್ನು ಮೂಲ ಡಬ್ಬಿಯಲ್ಲೇ ಬೀಗ ಹಾಕಿಡಿ.

ಆಕಸ್ಮಿಕವಾಗಿ ಮೈಮೇಲೆ ಚೆಲ್ಲಿದರೆ ಬಟ್ಟೆ ತೆಗೆದು ಸೋಪು ನೀರಿನಿಂದ ತೊಳೆಯಿರಿ, ತೊಳೆಯುವವರು ಕೈಗವಸು ಹಾಕಿಕೊಳ್ಳಿ. ನುಂಗಿದ್ದರೆ ವಾಂತಿ ಮಾಡಿಸಲು ಹೋಗದೆ ಡಬ್ಬಿಯನ್ನೂ ಮಾತ್ರೆಯ ಚೀಟಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಧಾವಿಸಿ. ಅಲ್ಲಿ ಕೋಲಿನ್‌ಎಸ್ಟರೇಸ್ ರಕ್ತಪರೀಕ್ಷೆ ಮಾಡುವಾಗ ಚೀಟಿ ಮುಖ್ಯವಾಗುತ್ತದೆ. ಕೆಂಪು ರಕ್ತಕಣದಲ್ಲಿರುವ ಅಸಿಟೈಲ್‌ಕೋಲಿನ್‌ಎಸ್ಟರೇಸನ್ನು ಡೊನೆಪೆಜಿಲ್ ತಡೆಯುತ್ತದೆ, ರಕ್ತದ ದ್ರವಭಾಗದಲ್ಲಿರುವ ಅದರ ಸೋದರ ಕಿಣ್ವ ಬ್ಯುಟಿರಿಲ್‌ಕೋಲಿನ್‌ಎಸ್ಟರೇಸನ್ನು ಅಷ್ಟಾಗಿ ಮುಟ್ಟುವುದಿಲ್ಲ. ರಿವಾಸ್ಟಿಗ್ಮಿನ್ ಎರಡನ್ನೂ ತಡೆಯುತ್ತದೆ. ತಂದೆಯವರು ಯಾವ ಮಾತ್ರೆಯನ್ನು ಎಷ್ಟು ಪ್ರಮಾಣದಲ್ಲಿ ನುಂಗುತ್ತಾರೆಂದು ಗೊತ್ತಿಲ್ಲದ ವೈದ್ಯರಿಗೆ, ಕಡಿಮೆ ಬಂದ ಅಂಕಿ ಮಾತ್ರೆಯದೋ ಕೀಟನಾಶಕದ್ದೋ ಎಂದು ಹೇಳಲು ಬರುವುದಿಲ್ಲ.